ಗ್ಲೌಸಿಲ್ಲದ ಕೈ

ಕಿಟಕಿಯ ಗಾಜಿಗೆ ಹತ್ತಿದ ಮಂಜಿನ ಮೇಲೆ ಯಾರೋ ಬೆರಳಲ್ಲಿ ಎಳೆದ ಗೀಟು, ಒಂದು, ಎರಡು, ಮೂರನೆಯದು ಅರ್ಧಕ್ಕೇ ನಿಂತಿದೆ, ಅದರ ತುದಿಯಿಂದ ನೀರು ಇಳಿಯುತ್ತಿದೆ, ಆ ಅರ್ಧದಲ್ಲಿ ಸೋಲೂರಿನ ಚಹಾ ತೋಟಗಳು ಹಸಿರಾಗಿ ಕಂಡು ಮತ್ತೆ ಮುಚ್ಚಿಹೋಗುತ್ತವೆ — ಅರ್ಧ ಗೀಟನ್ನು ನೋಡಬಾರದು, ಸರಣ್ಯಾ ಮುಖ ತಿರುಗಿಸಿದಳು, ತಿರುಗಿಸಿದರೆ ಮಡಿಲಲ್ಲಿ ಮೊಬೈಲು, ಮೊಬೈಲಿನಲ್ಲಿ ಅದೇ ಪ್ರಶ್ನೆ, ಒಳ್ಳೆಯ ಬರಹ, ಇದು ಯಾರ ಕೈ?, ಕೆಳಗೆ ಮುರಳೀಧರನ್ ಅಂತ ಹೆಸರು, ಫ್ಯಾಕ್ಟರಿಯ ಮ್ಯಾನೇಜರ್, ಬಂದು ಆರು ತಿಂಗಳು, ಆಫೀಸಿನ ಗಾಜಿನಾಚೆ ಕೂತಿರುವ ಮನುಷ್ಯ, ಒಳಗಿನ ಕೈಗಳ ಗುರುತು ಅವರಿಗೆಲ್ಲಿಂದ, ಆದರೆ ಸೂಪರ್‌ವೈಸರ್ ರಾಜಾಮಣಿಗೆ ತೋರಿಸಿದರೆ ಮುಗಿಯಿತು, ರಾಜಾಮಣಿ ಒಂದೇ ಸಲ ನೋಡುತ್ತಾನೆ, ನಗುತ್ತಾನೆ, ನಮ್ಮ ಚಿನ್ನಮ್ಮಾಳ್ ಅಲ್ಲವಾ ಸಾರ್, ಆ ಬೆರಳು ನೋಡಿ. ಒಳಗೆ ಹೋಗಮ್ಮಾ ಒಳಗೆ ಹೋಗು, ಕಂಡಕ್ಟರನ ಕೂಗು, ಪಕ್ಕಕ್ಕೆ ಕ್ಯಾರೆಟ್ ಮೂಟೆ ಬಂದು ಕೂತಿತು, ಮೂಟೆಯ ಹಿಂದೆ ಅದರ ಒಡತಿ, ಚೂರು ಒತ್ತಿಕೊ ಕೂಸು, ಒತ್ತಿಕೊಂಡಳು, ಯಾರು ಒತ್ತಿಕೊ ಅಂದರೂ ಒತ್ತಿಕೊಳ್ಳುವುದೇ ಅವಳ ಅಭ್ಯಾಸ, ಬಿ.ಎ. ಮುಗಿಸಿಯೂ ನಾಲ್ಕು ಜನರೆದುರು ನಾಲಿಗೆ ಒಣಗುತ್ತದೆ, ಬರೆಯುವಾಗ ಮಾತ್ರ ಒಣಗುವುದಿಲ್ಲ, ಅದೇ ಈಗ ತಪ್ಪಾಗಿದೆ. ಡೈರಿಯಲ್ಲಿ ಬರೆಯುವ ಹಾಗೆ ಬರೆದುಬಿಟ್ಟಳು. ಡೈರಿ ಪೆಟ್ಟಿಗೆಯೊಳಗೆ ಸ್ವೆಟರುಗಳ ಅಡಿಯಲ್ಲಿರುತ್ತದೆ, ಯಾರ ಕೈ ಅಂತ ಯಾರೂ ಕೇಳುವುದಿಲ್ಲ. ಇದು ಡಿಜಿಟಲ್ ಪೋರ್ಟ್‌ಫೋಲಿಯೊ, ಊಟಿಯ ಕಾಲೇಜಿನಲ್ಲಿ ಚಹಾ ತಯಾರಿಕೆಯ ಒಂದು ವರ್ಷದ ಕೋರ್ಸು, ಫ್ಯಾಕ್ಟರಿಯಲ್ಲಿ ಮೂರು ತಿಂಗಳು ನಿಂತು ಕಲಿತದ್ದನ್ನು ಫೋಟೊ ಸಮೇತ ಏರಿಸಬೇಕು, ಕಾಲೇಜಿನವರೂ ಓದುತ್ತಾರೆ ಫ್ಯಾಕ್ಟರಿಯವರೂ ಓದುತ್ತಾರೆ, ಪಾಠ ಮಾಡುವ ಸುಧಾಕರನ್ ಸರ್ ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದರು, ಏನು ಮಾಡಿದೆ, ಎಲ್ಲಿ ತಪ್ಪಿದೆ, ಏನನಿಸಿತು, ಇನ್ನೊಮ್ಮೆ ಮಾಡಿದರೆ ಹೇಗೆ ಮಾಡುತ್ತೀ — ಪುಸ್ತಕದ್ದನ್ನು ಇಳಿಸಬೇಡಿ ಮಕ್ಕಳಾ, ನಿಮ್ಮ ತಪ್ಪನ್ನು ಬರೆಯಿರಿ, ತಪ್ಪಿಗೇ ಮಾರ್ಕು. ಬರೆದಳು. ತನ್ನ ತಪ್ಪನ್ನೇ ಬರೆದಳು.

ಹಿಮ ಬಿದ್ದಿದ್ದ ಜನವರಿಯ ಆ ಬೆಳಗ್ಗೆ, ಅರೆದ ಎಲೆಯ ರಾಶಿ, ಹಸಿರು ಬಿಟ್ಟು ತಾಮ್ರದ ಬಣ್ಣಕ್ಕೆ ತಿರುಗಬೇಕು, ಗೋಡೆಯ ಚಾರ್ಟಿನಲ್ಲಿ ಐವತ್ತು ನಿಮಿಷ ಅಂತಿದೆ, ಗಡಿಯಾರದಲ್ಲಿ ಐವತ್ತಾಯಿತು, ಅವಳು ಡ್ರಯರಿಗೆ ಬಿಡಿ ಅಂದುಬಿಟ್ಟಳು, ಎಂದೂ ಏರದ ದನಿ ಅವತ್ತೇ ಏರಿತ್ತು, ಆಗ ಚಿನ್ನಮ್ಮಾಳ್ ಮಾಮಿ ಬಲಗೈ ಗ್ಲೌಸನ್ನು ಹಲ್ಲಲ್ಲಿ ಕಚ್ಚಿ ಎಳೆದು ಒಂದು ಹಿಡಿ ಎಲೆ ಬಾಚಿ ಒತ್ತಿ ಮೂಗಿಗೆ ಹಿಡಿದು, ಇಲ್ಲ ಕೂಸು, ಇನ್ನೂ ಹಸಿ ನಾತ, ಚಳಿಯಲ್ಲಿ ಎಲೆ ಸೋಮಾರಿ, ನಿನ್ನ ಗಡಿಯಾರಕ್ಕೆ ಚಳಿ ಆಗತ್ತಾ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಇಪ್ಪತ್ತು ನಿಮಿಷ ಕಾದರು, ರಾಶಿ ಕೆಂಪಗೆ ಘಮ್ಮೆಂದಿತು, ಆ ಘಮ ಅವಳ ಶಾಲಿನಲ್ಲಿ ಎರಡು ದಿನ ಇತ್ತು. ಗ್ಲೌಸ್ ಯಾಕೆ ತೆಗೆದಿರಿ ಮಾಮಿ. ಗ್ಲೌಸ್ ಹಾಕಿದ ಕೈ ಕಿವುಡು ಕೂಸು. ಆ ಮಾತನ್ನು ಹಾಗೆಯೇ ಬರೆದಳು, ಕೈಯ ಫೋಟೊದ ಕೆಳಗೆ. ಮುಖ ಬೇಡ, ಮುಖದಲ್ಲಿ ಏನ ಇದೆ, ಕೈಯ ತೆಗೆ, ನಿಮ್ಮ ಸಾರ್‌ಗೆ ತೋರ್ಸು, ಇಸ್ಕೂಲು ಮೆಟ್ಟದ ಕೈ ಅಂತ ಹೇಳು — ಮಾಮಿಯ ಸೊಂಟ ನೆಟ್ಟಗಾಗಿತ್ತು, ಹದಿನೇಳು ವರ್ಷದ ಕೆಲಸದಲ್ಲಿ ಆ ಕೈಯ ಫೋಟೊ ಯಾರೂ ತೆಗೆದಿರಲಿಲ್ಲ. ಹೆಸರು ಬರೆಯಲಿಲ್ಲ, ಒಬ್ಬ ಹಿರಿಯ ಕೆಲಸಗಾರ್ತಿ ಅಂತಷ್ಟೇ, ಎಷ್ಟು ಜಾಣೆ ನಾನು ಅಂದುಕೊಂಡಳು, ನಿನ್ನೆ ಮಧ್ಯಾಹ್ನ ಸಲ್ಲಿಸು ಅನ್ನುವುದನ್ನು ಒತ್ತಿದಳು, ಒತ್ತಿದ ಮೇಲೆ ಬೀಗ, ಅಳಿಸಲಾಗದು, ಬದಲಿಸಲಾಗದು, ಕೇಳಿದ್ದಕ್ಕೆ ಉತ್ತರ ಕೊಡಬಹುದು ಅಷ್ಟೇ. ಎಲೆಕೋಣೆಯ ಬಾಗಿಲ ಮೇಲೆ ಕೆಂಪಕ್ಷರದ ಬೋರ್ಡು, ಗ್ಲೌಸಿಲ್ಲದೆ ಎಲೆ ಮುಟ್ಟಬಾರದು, ಪರದೇಶದ ತಪಾಸಣೆಯವರಿಗಾಗಿ ಬಂದದ್ದು, ದಿನಾ ಅದರ ಕೆಳಗೇ ನಡೆದಳು, ಬರೆಯುವಾಗ ನೆನಪಾಗಲಿಲ್ಲ. ಎಲೆಕೋಣೆಯ ಕೆಲಸದವಳೊಬ್ಬಳನ್ನು ಬೆಳ್ಳಿ ಬಳೆ ತೊಟ್ಟು ಬಂದಿದ್ದಕ್ಕೆ ಗೇಟಿನಿಂದಲೇ ಮನೆಗೆ ಕಳಿಸಿದರು, ಮತ್ತೆ ಕರೆಯಲಿಲ್ಲ, ಬರೀ ಬಳೆಗೆ. ಅವಳ ಹಾಗೆ ಮಾಮಿಯೂ ಕಾಯಂ ಅಲ್ಲ. ಮತ್ತು ಆ ಬೆರಳು — ಎಲೆ ಅರೆಯುವ ಹಳೆಯ ರೋಲರು ತಿಂದ ಉಂಗುರ ಬೆರಳು, ಮೊದಲ ಗೆಣ್ಣಿನವರೆಗೆ ಮಾತ್ರ — ಮೂರು ತಿಂಗಳು ದಿನಾ ನೋಡಿ ನೋಡಿ ಅದು ಅರ್ಧ ಅನ್ನುವುದೇ ಅವಳಿಗೆ ಕಾಣದಾಗಿತ್ತು, ಪ್ರಶ್ನೆ ಬಂದ ಮೇಲೆ ಮತ್ತೇನೂ ಕಾಣುತ್ತಿಲ್ಲ.

ತಿರುವು, ಸಿಗ್ನಲ್ ಹೋಯಿತು, ಗಂಟೆ ಎಂಟೂ ಮುಕ್ಕಾಲು, ಹತ್ತಕ್ಕೆ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ, ಸುಧಾಕರನ್ ಸರ್ ಪಕ್ಕದಲ್ಲಿ ಮುರಳೀಧರನ್ ಕೂರುತ್ತಾರೆ, ಸಾರ್ ಆ ಕೈ ಇಲ್ಲದಿದ್ದರೆ ಅವತ್ತಿನ ಎಲೆ ಅಷ್ಟೂ ಹಾಳಾಗುತ್ತಿತ್ತು, ಟೈಪಿಸಿದಳು, ಅಳಿಸಿದಳು, ಇದನ್ನು ಕಳಿಸಿದರೆ ಸರಿ ಹಾಗಾದರೆ ಹೆಸರು ಹೇಳು ಅನ್ನುತ್ತಾರೆ, ನೆನಪಿಲ್ಲ ಸಾರ್, ಅಳಿಸಿದಳು, ಯಾರು ನಂಬುತ್ತಾರೆ, ಏನು ಕೂಸು ಬರೀತೀಯಾ ಅಳಿಸ್ತೀಯಾ, ಕ್ಯಾರೆಟ್ಟಿನಾಕೆ ಕೇಳುತ್ತಾಳೆ, ಹೂಂ ಪರೀಕ್ಷೆ, ಮೊಬೈಲಿನಲ್ಲಿ ಫೋಟೊ ಬೆಂಕಿಪೊಟ್ಟಣದಷ್ಟು, ಎಲೆ ಮೆತ್ತಿದ ಬೆರಳುಗಳು ಒಂದರ ಮೇಲೊಂದು, ಅಷ್ಟು ಚಿಕ್ಕದರಲ್ಲಿ ಯಾರಿಗೆ ಲೆಕ್ಕ ಸಿಗುತ್ತದೆ, ಹಿರಿಯಾಕೆ ಹೇಳಿಕೊಟ್ಟದ್ದಷ್ಟೇ, ಫೋಟೊಕ್ಕೆ ಗ್ಲೌಸ್ ತೆಗೆದದ್ದು ಕಲಿಯಲು ಬಂದ ಹುಡುಗಿ ಅಂದರೆ ಬೈದು ಬಿಡುತ್ತಾರೆ, ಹುಡುಗಿಯನ್ನು ಯಾವ ಗೇಟಿನಿಂದ ಕಳಿಸುತ್ತಾರೆ — ನನ್ನ ಕೈ ಸಾರ್, ನನ್ನದೇ ತಪ್ಪು. ಒತ್ತಿದಳು. ಬಿಳಿ ಚಕ್ರ ತಿರುಗಿತು, ತಿರುಗಿತು, ಬಸ್ಸು ದಿಣ್ಣೆ ಹತ್ತಿತು, ಬಿಸಿಲು ಒಮ್ಮೆಲೇ ಒಳಗೆ ಬಿತ್ತು, ಟಿಕ್. ಹೋಯಿತು. ಉಸಿರು ಬಿಡುವಷ್ಟರಲ್ಲಿ ಮೊಬೈಲು ಮತ್ತೆ ಗುಂಯ್ ಅಂದಿತು. ಸರಿಯಮ್ಮಾ, ಹತ್ತಕ್ಕೆ ಬಾ, ದೊಡ್ಡ ಸ್ಕ್ರೀನಿನಲ್ಲಿ ಹಾಕಿ ಮಾತಾಡೋಣ, ರಾಜಾಮಣಿಯೂ ಬರುತ್ತಾನೆ. ದೊಡ್ಡ ಸ್ಕ್ರೀನು, ಗೋಡೆಯಷ್ಟು, ಗೋಡೆಯಷ್ಟು ಕೈ, ಅದರ ಕೆಳಗೆ ಅವಳು ನಿಲ್ಲಬೇಕು, ಎದುರಿನ ಸೀಟಿನ ಕಂಬಿ ಹಿಡಿದ ತನ್ನ ಬಲಗೈಯನ್ನು ನೋಡಿದಳು, ಮೆತ್ತಗೆ, ಐದೂ ಇವೆ, ಉಂಗುರ ಬೆರಳನ್ನು ನಿಧಾನ ಅಂಗೈಯೊಳಗೆ ಮಡಚಿದಳು, ಮಡಚಿದರೂ ಅದು ಮಡಚಿದ ಬೆರಳೇ, ಮಾಮಿಯದರ ಹಾಗಲ್ಲ, ಫೋಟೊದ ಕೆಂಪು ಎಲೆಯ ರಾಶಿಯಲ್ಲಿ ನಾಲ್ಕು ಬೆರಳು ಆಳಕ್ಕೆ ಇಳಿದಿವೆ, ಒಂದು ಇಳಿಯದೆ ಮೇಲೆಯೇ ನಿಂತಿದೆ, ಮೊದಲ ಗೆಣ್ಣಿನವರೆಗೆ, ಅಲ್ಲಿಗೆ, ಆ ಬೆರಳು, ಮೊದಲ ಗೆಣ್ಣಿನವರೆಗೆ.