ಅರಿಶಿನ ಬಣ್ಣದ ಜಾಕೆಟ್ಟು

"ಏನೇ ಇದು, ಮೈಮೇಲೆ ಒಲೆ ಹೊತ್ಕೊಂಡು ಬಂದಿದೀಯಾ?" ಎಂದಳು ಜೊತೆಗೆಲಸದ ಸಿರ್ಪಾ.

ರೈಲಿ ಶಾಲೆಯ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಜಾಕೆಟ್ಟಿನ ಜಿಪ್ಪನ್ನು ಕೆಳಕ್ಕೆ ಎಳೆದಳು. ಒಳಗಿನ ಉಣ್ಣೆಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೊರಗೆ ಏಪ್ರಿಲ್ ಕೊನೆಯ ಬಿಸಿಲು. ಚಳಿಗಾಲದಲ್ಲಿ ಸೈಕಲ್ಲುಗಳು ಜಾರದಿರಲೆಂದು ಹಿಮದ ಮೇಲೆ ಚೆಲ್ಲಿದ್ದ ಮರಳೆಲ್ಲ ಈಗ ಒಣಗಿ, ಧೂಳಾಗಿ, ಉತ್ತರದ ಚಳಿನಾಡಿನ ಔಲು ಊರಿನವರ ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ಇಂಥ ದಿನ ಅವಳು ಮೈನಸ್ ಇಪ್ಪತ್ತಕ್ಕೆ ಹೊಲಿದ ಜಾಕೆಟ್ಟು ತೊಟ್ಟು ಏಳು ಕಿಲೋಮೀಟರ್ ಸೈಕಲ್ ತುಳಿದು ಬಂದಿದ್ದಳು.

"ನಮ್ಮ ವಯಸ್ಸಿಗೆ ಎಲ್ಲರಿಗೂ ಸೆಕೆ ಆಗತ್ತೆ. ನಿನಗೊಬ್ಬಳಿಗೇ ಚಳಿನಾ?"

"ಸೇತುವೆ ಮೇಲೆ ಗಾಳಿ ಇತ್ತು ಕಣೇ."

"ಗಾಳಿಯಂತೆ! ಶಾಲೆ ಬಾವುಟ ನೋಡು, ಒಗೆದು ಹಾಕಿದ ಟವೆಲ್ ಥರ ನೇತಾಡ್ತಿದೆ."

ಸಿರ್ಪಾ ಅಣಕಿಸಿದ್ದರಲ್ಲಿ ತಪ್ಪೇನಿರಲಿಲ್ಲ. ಹವೆ ತಿರುಗುವ ಕಾಲದಲ್ಲಿ ಏನು ತೊಡಬೇಕೆಂದು ಅಡುಗೆಮನೆಯ ಹೆಂಗಸರೆಲ್ಲ ಕೇಳುತ್ತಿದ್ದುದು ರೈಲಿಯನ್ನೇ. ಮನೆಯ ಬಾಗಿಲಲ್ಲೇ ಬೆಚ್ಚಗಿದ್ದರೆ ಬಟ್ಟೆ ಹೆಚ್ಚಾಯಿತೆಂದು ಅರ್ಥ, ಮೊದಲ ಹತ್ತು ನಿಮಿಷ ನಡುಗಲೇಬೇಕು, ಬೆವರಿದವನಿಗೇ ಆಮೇಲೆ ನಿಜವಾದ ಚಳಿ ಎಂದು ಎಲ್ಲರಿಗೂ ಪಾಠ ಹೇಳಿದವಳು ಅವಳು. ಅಂಥವಳು ಈಗ ಬೆವರಿನಲ್ಲಿ ತೊಯ್ದು ನಿಂತಿದ್ದಳು. ಕಾರಣ ಹೇಳಿದರೆ ಇನ್ನೂ ನಗುತ್ತಾರೆಂದು ಸುಮ್ಮನೆ ಏಪ್ರನ್ ಕಟ್ಟಿಕೊಂಡಳು.

ಕಾರಣವೆಂದರೆ ಒಂದು ಕೈ. ನವೆಂಬರಿನ ಒಂದು ಬೆಳಿಗ್ಗೆ, ಮೈನಸ್ ಇಪ್ಪತ್ತೆರಡರಲ್ಲಿ, ಸೇತುವೆಯ ನಡುವೆ ಎದುರಿನಿಂದ ಒಬ್ಬ ಸೈಕಲ್ಲಿನವನು ಬಂದ. ಕಿವಿ ಮುಚ್ಚುವ ಟೋಪಿ, ಕಣ್ಣಿನವರೆಗೂ ಸುತ್ತಿದ ಮಫ್ಲರ್, ರೆಪ್ಪೆಯ ಮೇಲೆ ಬಿಳಿ ಮಂಜಿನ ಪುಡಿ. ಹ್ಯಾಂಡಲಿಗೆ ತೊಡಿಸಿದ ದಪ್ಪ ಗವಸಿನೊಳಗಿಂದ ಅವನು ಕೈ ಹೊರಗೆ ತೆಗೆದು ಮೇಲೆತ್ತಿದ. ಅಂಥ ಚಳಿಯಲ್ಲಿ ಕಷ್ಟಪಟ್ಟು ಕಾಪಾಡಿಕೊಂಡ ಬಿಸಿಯನ್ನು ನಮ್ಮ ಕಡೆ ಯಾರೂ ಸುಮ್ಮನೆ ಹೊರಗೆ ಬಿಡುವುದಿಲ್ಲ. ರೈಲಿ ಹಿಂತಿರುಗಿ ನೋಡಿದಳು. ಯಾರೂ ಇರಲಿಲ್ಲ. ಅವನ ಹಾಗೇ ಮುಖವೆಲ್ಲ ಮುಚ್ಚಿಕೊಂಡಿದ್ದ ಅವಳೂ ಕೈ ಎತ್ತಿದಳು.

ಅಂದಿನಿಂದ ಕೆಲಸದ ದಿನ ಒಂದೂ ತಪ್ಪದೆ ಆ ಕೈ ಎದ್ದಿತು. ಸೆಪ್ಟೆಂಬರಿನಲ್ಲಿ ರೈಲಿಯ ತಾಯಿ ತೀರಿಹೋಗಿದ್ದರು. ಆಮೇಲೆ ಅವಳ ಶನಿವಾರ ಭಾನುವಾರಗಳು ಒಂದು ಮಾತೂ ಇಲ್ಲದೆ ಕಳೆದುಹೋಗುತ್ತಿದ್ದವು. ಸೋಮವಾರ ಮೊದಲ ಮಾತಿಗೆ ದನಿ ಒಡೆಯುತ್ತಿತ್ತು. ಆ ಕೈಯನ್ನು ನೆನೆದೇ ಅವಳು ಕತ್ತಲೆಯ ಬೆಳಗುಗಳಲ್ಲಿ ಹಾಸಿಗೆ ಬಿಟ್ಟು ಏಳುತ್ತಿದ್ದಳು, ಅದನ್ನು ಮುಚ್ಚಿಡುವುದೇಕೆ?

ಏಪ್ರಿಲ್ ನಡುವೆ ಬಿಸಿಲು ಬಂತು. ತಿಳಿದವಳಾದ್ದರಿಂದ ರೈಲಿ ಅರಿಶಿನ ಬಣ್ಣದ ಜಾಕೆಟ್ಟನ್ನು ಗೂಟಕ್ಕೆ ಹಾಕಿ ತೆಳು ನೀಲಿ ಕೋಟು ತೊಟ್ಟಳು. ಸೇತುವೆಯ ಮೇಲೆ ಎಲ್ಲಿ ನೋಡಿದರೂ ಬೋಳು ತಲೆಗಳು, ಕೆದರಿದ ತಲೆಗಳು, ಬೇಸಿಗೆಯ ಸೈಕಲ್ಲುಗಳು, ತಂಪು ಕನ್ನಡಕಗಳು. ಅವನಲ್ಲಿ ಅವಳು ಕಂಡಿದ್ದು ಕಣ್ಣನ್ನು ಮಾತ್ರ. ಇವರಲ್ಲಿ ಅವನು ಯಾರು? ಎಂಟು ದಿನ ಒಂದು ಕೈಯೂ ಏಳಲಿಲ್ಲ. ಒಂಬತ್ತನೆಯ ದಿನ ಅವಳಿಗೆ ಹೊಳೆಯಿತು: ಅವನ ಬಟ್ಟೆ ಬದಲಾದರೆ ಆಗಲಿ, ತನ್ನದು ಹಳೆಯದೇ ಇದ್ದರೆ ಸಾಕಲ್ಲ, ಅವನೇ ಗುರುತು ಹಿಡಿಯುತ್ತಾನೆ. ಹಾಗೆ ಅವಳು ಈ ಬುಧವಾರ ಮತ್ತೆ ಜಾಕೆಟ್ಟು ತೊಟ್ಟಿದ್ದಳು. ಅವತ್ತು ಯಾರೂ ಸಿಗಲಿಲ್ಲ, ಬೆವರೊಂದೇ ಲಾಭ.

ಗುರುವಾರ ಸಿಕ್ಕ. ಅರವತ್ತರ ಹತ್ತಿರದ ಸಣಕಲು ಮನುಷ್ಯ, ನೆತ್ತಿ ಬಿಸಿಲಿಗೆ ಕೆಂಪಾಗಿತ್ತು. ದೂರದಿಂದಲೇ ಅವನ ಕೈ ಮೇಲೆದ್ದಿತು. ರೈಲಿಯ ಎದೆ ಹಗುರಾಯಿತು. ಹತ್ತಿರ ಬರುತ್ತಿದ್ದಂತೆ ಆ ಕೈ ಅರ್ಧಕ್ಕೆ ಇಳಿಯಿತು. ಅವನು ಬ್ರೇಕ್ ಹಾಕಿ ಕಾಲು ಊರಿದ. ಅವಳ ಮುಖ ನೋಡಿದ, ಆಮೇಲೆ ಎಡತೋಳಿನ ಮೇಲಿದ್ದ ಹಸಿರು ತೇಪೆ ನೋಡಿದ.

"ನೀವು ಕೈಸು ಅಲ್ಲ," ಎಂದ.

"ಅಲ್ಲ."

"ಈ ಜಾಕೆಟ್ಟು?"

"ಹಳೆ ಬಟ್ಟೆ ಅಂಗಡೀಲಿ ತಗೊಂಡಿದ್ದು. ಅಕ್ಟೋಬರ್‌ನಲ್ಲಿ."

ಅವನು ಸೇತುವೆಯ ಕಂಬಿ ಹಿಡಿದುಕೊಂಡ. ಕೆಳಗೆ ಹೊಳೆಯ ಮಂಜುಗಡ್ಡೆ ಬಿರಿದು ಸಾಗುತ್ತಿತ್ತು.

"ಆ ತೇಪೆ ಹೊಲಿದಿದ್ದು ನಾನೇ. ಕೈಸು ನನ್ನ ತಂಗಿ. ಅಪ್ಪನ ಮಣ್ಣಿನ ದಿನ ನನ್ನ ಬಾಯಿಂದ ಒಂದು ಮಾತು ಬಂತು. ಆರು ವರ್ಷ ಆಯ್ತು, ಮಾತಾಡ್ಸಿಲ್ಲ ಅವಳು. ನವೆಂಬರ್‌ನಲ್ಲಿ ಈ ಜಾಕೆಟ್ಟು ಕಂಡಿತಲ್ಲ, ನೋಡೇಬಿಡೋಣ ಅಂತ ಕೈ ಎತ್ತಿದೆ. ನೀವೂ ಎತ್ತಿದ್ರಿ."

"ಎತ್ತಿದೆ."

"ಕೋಪ ಇಳೀತು ಅಂದ್ಕೊಂಡೆ. ಕ್ರಿಸ್‌ಮಸ್‌ಗೆ ಕಾರ್ಡ್ ಹಾಕಿದೆ, ಉತ್ತರ ಬರಲಿಲ್ಲ. ಆದ್ರೂ ಬೆಳಿಗ್ಗೆ ಕೈ ಎತ್ತುತಾಳಲ್ಲ, ಮೊದಲಿಂದಲೂ ಬಿಗುಮಾನದವಳು, ನಿಧಾನಕ್ಕೆ ದಾರಿಗೆ ಬರ್ತಾಳೆ ಅಂತ ಸುಮ್ಮನಿದ್ದೆ."

"ಕ್ಷಮಿಸಿ," ಎಂದಳು ರೈಲಿ. ಕದ್ದ ಮಾಲಿನ ಜೊತೆ ಸಿಕ್ಕಿಬಿದ್ದವಳ ಹಾಗೆ ಅವಳಿಗೆ ನಾಚಿಕೆಯಾಯಿತು.

"ನಿಮ್ಮದೇನಿದೆ ಇದರಲ್ಲಿ." ಅವನು ಪೆಡಲಿನ ಮೇಲೆ ಕಾಲಿಟ್ಟ, ಮತ್ತೆ ತೆಗೆದ. "ಒಂದು ಮಾತು ಕೇಳ್ಲಾ? ನಾಳೆಯಿಂದ ಇದನ್ನ ಹಾಕ್ಕೋಬೇಡಿ. ದೂರದಿಂದ ಕಂಡ್ರೆ ನನಗೆ ಮತ್ತೆ..."

"ಇಲ್ಲ, ಹಾಕ್ಕೊಳ್ಳಲ್ಲ. ಹೇಗೂ ಸೆಕೆ."

ಅವನು ತಲೆಯಾಡಿಸಿ ಹೊರಟುಹೋದ. ಹೆಸರು ಕೇಳಲಿಲ್ಲ. ಐದು ತಿಂಗಳು ಅವನು ಎತ್ತಿದ ಕೈಗಳಲ್ಲಿ ಒಂದೂ ತನಗಾಗಿ ಇರಲಿಲ್ಲ ಎಂಬುದು ರೈಲಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲೇ ಜಾಕೆಟ್ಟು ಬಿಚ್ಚಿ, ಸುರುಳಿ ಸುತ್ತಿ ಬುಟ್ಟಿಗೆ ತುರುಕಿದಳು. ಒದ್ದೆ ಅಂಗಿಗೆ ಹೊಳೆಯ ಗಾಳಿ ಬಡಿಯಿತು. ಶಾಲೆ ತಲುಪುವಾಗ ಹಲ್ಲು ಕಟಕಟ ಎನ್ನುತ್ತಿದ್ದವು.

"ಅಂತೂ ಬುದ್ಧಿ ಬಂತು ನಿನಗೆ!" ಎಂದು ಸಿರ್ಪಾ ನಕ್ಕಳು. ರೈಲಿಯ ಮುಖ ನೋಡಿ ನಗು ನಿಲ್ಲಿಸಿದಳು. ಏನೂ ಕೇಳದೆ ಬಟಾಣಿ ಸಾರಿನ ಹಂಡೆಯ ಹತ್ತಿರ ಅವಳಿಗೆ ಜಾಗ ಬಿಟ್ಟು, ತಾನು ಪಾತ್ರೆಗಳ ಕಡೆ ಹೋದಳು. ರೈಲಿ ಹಬೆಗೆ ಮುಖ ಒಡ್ಡಿ ಬಹಳ ಹೊತ್ತು ಸೌಟು ತಿರುಗಿಸಿದಳು. ಅಷ್ಟು ಹಬೆಯಲ್ಲಿ ಕಣ್ಣು ಒರೆಸಿಕೊಂಡರೆ ಯಾರೂ ಕೇಳುವುದಿಲ್ಲ.

ಶುಕ್ರವಾರ ಮೋಡ ಮುಚ್ಚಿ ಗಾಳಿ ಎದ್ದಿತ್ತು. ರೈಲಿ ಕಿಟಕಿಯಾಚೆ ನೋಡಿ, ಉಣ್ಣೆಯ ಅಂಗಿಯ ಮೇಲೆ ನೀಲಿ ಕೋಟು ತೊಟ್ಟು ಹೊರಟಳು. ಮೊದಲ ಹತ್ತು ನಿಮಿಷ ಸರಿಯಾಗಿ ನಡುಗಿದಳು. ಸೇತುವೆಯ ನಡುವೆ ಅವನು ಎದುರಾದ. ಅವಳಿಗೀಗ ಅವನ ಮುಖ ಗೊತ್ತಿತ್ತು. ಅವನಿಗೆ ನೀಲಿ ಕೋಟು ಗೊತ್ತಿರಲಿಲ್ಲ. ಗಾಳಿಗೆ ತಲೆ ತಗ್ಗಿಸಿಕೊಂಡು, ರಸ್ತೆ ಮಾತ್ರ ನೋಡುತ್ತ ಬರುತ್ತಿದ್ದ.

ಕೈ ಎತ್ತಿದರೆ ಕಾಣುವ ಹಾಗಿರಲಿಲ್ಲ. ಏನಾದರೂ ಹೇಳಬೇಕು, ಆದರೆ ಅವನಿಗೆ ಹೇಳುವಂಥದ್ದು ತನ್ನ ಹತ್ತಿರ ಏನಿದೆ? ಹತ್ತು ಮಾರು, ಐದು ಮಾರು.

"ರೈಲಿ!" ಎಂದು ಕೂಗಿದಳು.

ತನ್ನ ಹೆಸರನ್ನೇ, ಕಳೆದುಹೋದ ನಾಯಿಯನ್ನು ಕರೆಯುವಷ್ಟು ಜೋರಾಗಿ. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ ಪಕ್ಕಕ್ಕೆ ಸರಿದಳು. ಅವನು ತಲೆ ಎತ್ತುವಷ್ಟರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ದಾಟಿಯಾಗಿತ್ತು. ರೈಲಿಗೆ ಕಿವಿಯೆಲ್ಲ ಬಿಸಿಯಾಯಿತು. ಇಷ್ಟು ವರ್ಷ ಈ ಊರಿನಲ್ಲಿ ಮರ್ಯಾದೆಯಿಂದ ಬಾಳಿ ಈಗ ಹುಚ್ಚಿಯ ಹಾಗೆ ಸೇತುವೆಯ ಮೇಲೆ ಕೂಗಿದೆನಲ್ಲ ಎಂದು ಜೋರಾಗಿ ಪೆಡಲ್ ತುಳಿದಳು.

ಸೇತುವೆ ಮುಗಿಯುವ ಹೊತ್ತಿಗೆ ಹಿಂದಿನಿಂದ ಒಂದು ಕೂಗು ಬಂತು. ಗಾಳಿ ಅದರ ಮುಂಭಾಗವನ್ನು ತಿಂದುಹಾಕಿತು. ಅವಳ ಕಿವಿಗೆ ತಲುಪಿದ್ದು ಕೊನೆಯ "ಮೊ" ಮಾತ್ರ.

ಅವಳು ತಿರುಗಿ ನೋಡಲಿಲ್ಲ. ಅವನ ಹೆಸರು ರೈಮೊ ಇರಬಹುದು. ಐಮೊ? ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತ ಒಸ್ಮೊ ಎಂದು ಮೆಲ್ಲಗೆ ಹೇಳಿ ನೋಡಿದಳು, ಆ ಮುಖಕ್ಕೆ ಅದು ಒಪ್ಪುತ್ತಿತ್ತು. ತಾರ್ಮೊ ಕೂಡ ಒಪ್ಪುತ್ತಿತ್ತು. ಶಾಲೆಯ ಗೇಟಿನವರೆಗೂ ಅವಳು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ, ಎದುರುಗಾಳಿಯಲ್ಲಿ ಸೈಕಲ್ ತುಳಿದಳು.