ಕಚ್ಚಿಕೊಂಡ ಬಾಗಿಲು

ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೆ ಪಟಾಕಿ ಎಂದೇ ಹೆಸರು. ಮೂಗಿನ ತುದಿಯಲ್ಲೇ ಕೋಪ. ಯಾರಿಗೋ ಹೊಡೆದಳೆಂದು ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿದರೆ, ಒಳಗೆ ಬಂದವಳೇ ಬಾಗಿಲನ್ನು ಧಡಾರನೆ ಬಡಿದಳು. ಹಳೇ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡುಬಿಟ್ಟಿತು.

"ಮುಗೀತು ಕಣಮ್ಮ. ಬಡಗಿ ಬರೋ ತನಕ ಇಬ್ಬರೂ ಇಲ್ಲೇ," ಎಂದು ನಕ್ಕ ಮೇಡಂ ಬಿಸ್ಕತ್ತಿನ ಡಬ್ಬಿ ಮುಂದಿಟ್ಟರು. ಬುದ್ಧಿಮಾತು ಒಂದೂ ಇಲ್ಲ. ಬಿಸ್ಕತ್ತು ಮುರಿಯುತ್ತ ಕೂತಿದ್ದ ಪಟಾಕಿ, ಅಪ್ಪ ಅಮ್ಮ ಬೇರೆಯಾಗುತ್ತಿರುವುದನ್ನು ಕೊನೆಗೆ ತಾನಾಗಿಯೇ ಹೇಳಿದಳು, ಮನಸಾರೆ ಅತ್ತಳು. ಬಡಗಿ ಬಂದಾಗ, ಇಷ್ಟು ಬೇಗ ಯಾಕಾದರೂ ಬಂದನೋ ಅನ್ನಿಸಿತು.

ಮುಂದಿನ ವಾರ ಯಾರೂ ಕಳಿಸದೆಯೇ ಬಂದಳು.

"ಬಾಗಿಲು ಮೆಲ್ಲಗೆ ಹಾಕಮ್ಮ," ಎಂದರು ಮೇಡಂ.

ಪಟಾಕಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಡಿದಳು. ಕಚ್ಚಿಕೊಂಡಿದೆಯೇ ಎಂದು ಒಮ್ಮೆ ಜಗ್ಗಿ ನೋಡಿ, ನೆಮ್ಮದಿಯಿಂದ ಕುರ್ಚಿ ಎಳೆದುಕೊಂಡಳು.