ಹೆಸರಿಲ್ಲದ ಕಾರ್ಡು

ಅಮೆರಿಕದ ಟೊಲೀಡೊ ಊರಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಬಿಲ್ಲುಗಳಿಗೆ ಸಹಿ ಹಾಕುವವನು ಲೀಲ್ಯಾಂಡ್ ಕೊಸ್ಟೆಕಿ. ಸಲ್ಲದ ಬಿಲ್ಲಿಗೆ ಸಹಿ ಬಿದ್ದರೆ ಆ ದುಡ್ಡನ್ನು ಸಹಿ ಹಾಕಿದವನೇ ಕೈಯಿಂದ ಕಟ್ಟಬೇಕು, ಕಾನೂನೇ ಹಾಗೆ. ಹಾಗಾಗಿ ಅವನು ಪೆನ್ನು ಮುಟ್ಟುತ್ತಿದ್ದದ್ದೇ ಹೆದರಿ ಹೆದರಿ.

ಅಲ್ಲೇ ಕೆಲಸದಲ್ಲಿದ್ದ ವರ್ನಾ ಟಿಬ್ಸ್ ಬೀದಿಪಾಲಾದ ಮಾಜಿ ಸೈನಿಕರನ್ನು ಹುಡುಕಿಕೊಂಡು ಹೋಗಿ ನೆರವು ಮುಟ್ಟಿಸುವವಳು. ಆ ನವೆಂಬರಿನಲ್ಲಿ, ತನ್ನ ಹೆಸರಿನ ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿಕೊಡಿ ಎಂದು ಅವನ ಬಳಿ ಬಂದಳು.

"ಆಗಲ್ಲ ವರ್ನಾ. ಹೆಸರಿರೋ ಕಾರ್ಡು ಸ್ವಂತ ಖರ್ಚು. ಸರ್ಕಾರದ ದುಡ್ಡಲ್ಲಿ ಮಾಡಿಸೋ ಹಾಗಿಲ್ಲ."

"ನನಗೇನು ಮೆರೆಯೋಕೆ ಬೇಕಾ ರೀ? ಸೇತುವೆ ಕೆಳಗೆ ಡ್ವೈಟ್ ಅಂತ ಒಬ್ಬ ಇದಾನೆ. ತಲೆಗೆ ಏಟು ಬಿದ್ದಾಗಿಂದ ಯಾರ ಹೆಸರೂ ನೆನಪಿರಲ್ಲ. ಚಳಿ ತಡೆಯೋಕಾಗದ ದಿನ ಫೋನ್ ಮಾಡ್ತೀನಿ, ನೀನೇ ಬಂದು ಕರ್ಕೊಂಡು ಹೋಗು, ಬೇರೆ ಯಾರ ಜೊತೆಗೂ ಬರಲ್ಲ ಅಂದಿದಾನೆ. ಅಷ್ಟು ಬಾಯಿ ಬಿಡಿಸೋಕೆ ಎರಡು ವರ್ಷ ಹಿಡೀತು ನನಗೆ."

ಲೀಲ್ಯಾಂಡ್ ಕಲ್ಲೆದೆಯವನೇನಲ್ಲ. ಸರ್ಕಾರಿ ಖರ್ಚಿನ ಬಗ್ಗೆ ಬಂದಿದ್ದ ಹಳೆಯ ತೀರ್ಪುಗಳನ್ನೆಲ್ಲ ತಡಕಾಡಿ ಒಂದು ದಾರಿ ಕಂಡುಹಿಡಿದ. ಬರೀ ಕಚೇರಿಯ ಫೋನ್ ನಂಬರಿರುವ ಕಾರ್ಡಿಗೆ ಅಡ್ಡಿಯಿರಲಿಲ್ಲ.

"ಹೆಸರು ಪೆನ್ನಲ್ಲಿ ಬರ್ಕೊಳ್ಳಿ. ಪೆನ್ನು ಹೆಂಗೂ ಸರ್ಕಾರದ್ದೇ," ಎಂದು ನಕ್ಕ.

"ನಿಮ್ಮ ದೊಡ್ಡ ಮನಸ್ಸಿಗೆ ಒಂದು ಪ್ರತಿಮೆ ನಿಲ್ಲಿಸ್ತೀನಿ ಬಿಡಿ," ಎಂದಳು ವರ್ನಾ. ಹಾಗಂದರೂ ಕಾರ್ಡಿನ ಕಟ್ಟು ತೆಗೆದುಕೊಂಡಳು. ಅವತ್ತು ಲೀಲ್ಯಾಂಡನಿಗೆ ತನ್ನ ಜಾಣತನದ ಬಗ್ಗೆ ತನಗೇ ಹೆಮ್ಮೆ. ಇಂಥ ಹೆಮ್ಮೆಗೆ ಬೆಂಕಿ ಹಾಕಬೇಕು.

ಜನವರಿಯಲ್ಲಿ ಹಿಮ ಕರಗುವುದು, ಮತ್ತೆ ಹೆಪ್ಪುಗಟ್ಟುವುದು ನಡೆದೇ ಇತ್ತು. ಒಂದು ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿದ್ದಾಗ ಫೋನು ಬಡಿದುಕೊಂಡಿತು. ಸ್ಯಾಂಡ್‌ವಿಚ್ ಹಿಡಿದೇ ಲೀಲ್ಯಾಂಡ್ ಎತ್ತಿಕೊಂಡ.

"ಆಯಮ್ಮನ್ನ ಕರೀರಿ."

"ಯಾವಮ್ಮ?"

"ಕಾರ್ಡು ಕೊಟ್ಟೋಳು. ಕಾಲ್ಚೀಲ ತಂದ್ಕೊಡ್ತಾಳಲ್ಲ."

"ಇಲ್ಲಿರೋ ಹೆಂಗಸರೆಲ್ಲ ಕಾಲ್ಚೀಲ ಕೊಡ್ತಾರೆ ಸಾರ್. ಹೆಸರು ಹೇಳಿ."

"ಬರೆದಿದ್ಲು. ನೆಂದು ಇಂಕೆಲ್ಲ ಹರಡಿಹೋಗಿದೆ. ಅಚ್ಚಿಂದು ನಂಬರ್ ಮಾತ್ರ ಕಾಣ್ಸುತ್ತೆ."

"ಹೆಸರಿಲ್ದೆ ಯಾರನ್ನ ಅಂತ ಕರೀಲಿ? ನಾಳೆ ಮಾಡಿ, ಯಾರಾದ್ರೂ ಇರ್ತಾರೆ."

ಆ ಕಡೆ ಫೋನು ಇಟ್ಟ ಸದ್ದು. ನವೆಂಬರಿನ ಮಾತು ಲೀಲ್ಯಾಂಡನ ಮನಸ್ಸಿನಲ್ಲಿ ಒಮ್ಮೆ ಮಿಸುಕಿತು. ಮೇಜಿನ ಮೇಲೆ ಬಿಲ್ಲುಗಳು ರಾಶಿ ಬಿದ್ದಿದ್ದವು. ಅವನು ಅತ್ತ ತಿರುಗಿದ.

ಮಾರನೆಯ ಬೆಳಿಗ್ಗೆ ವರ್ನಾ ಬಂದವಳು ಕೋಟು ಕೂಡ ಬಿಚ್ಚದೆ ಅವನೆದುರು ಕುಸಿದು ಕೂತಳು.

"ಡ್ವೈಟ್ ಹೋಗ್ಬಿಟ್ಟ. ಸೇತುವೆ ಕೆಳಗೇ ಸೆಟೆದುಕೊಂಡಿದ್ದ."

ನಿನ್ನೆ ಫೋನಿನಲ್ಲಿ ಕೇಳಿದ ದನಿ ಯಾರದೆಂದು ಲೀಲ್ಯಾಂಡನಿಗೆ ಗೊತ್ತಾಯಿತು.

"ಒಂದೇ ಒಂದು ಫೋನ್ ಮಾಡಿದ್ರೆ ಎಲ್ಲಿದ್ರೂ ಓಡಿಹೋಗ್ತಿದ್ದೆ. ಮಾಡಲೇ ಇಲ್ಲ ನೋಡಿ. ಅಷ್ಟು ದಿನ ಹಿಂದೆ ಬಿದ್ದೆ, ಕೊನೆಗೂ ಅವನು ನನ್ನ ನಂಬಲಿಲ್ಲ."

ನಂಬಿದ್ದ. ಫೋನೂ ಮಾಡಿದ್ದ. ಅಷ್ಟು ಹೇಳಿದ್ದರೆ ಅವಳ ಪಾಲಿಗೆ ಅದಾದರೂ ಉಳಿಯುತ್ತಿತ್ತು. ಹೇಳಬೇಕೆಂದೇ ಬಾಯಿ ತೆರೆದ. ಅವಳು ಅಳುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು.

"ಕೆಲವರು ಹಾಗೇ ವರ್ನಾ," ಎಂದ. "ಯಾರನ್ನೂ ನಂಬಲ್ಲ."

ಅವಳು ಹೌದೆಂದು ತಲೆಯಾಡಿಸಿದಳು.